ಮೃಚ್ಛಕಟಿಕದ ‘ಕನ್ನಡ ಕಲಹ’ವೂ ಪುತ್ತೂರು ಸೀಮೆಯ ನುಡಿಭೇದಗಳೂ

ಶೂದ್ರಕನ ಮೃಚ್ಛಕಟಿಕದ ಆರನೆಯ ಅಂಕದಲ್ಲಿ ಒಂದು ಸಣ್ಣ ಪ್ರಸಂಗವುಂಟು. ಪಾಲಕರಾಜನ ಸೆರೆಯಿಂದ ತಪ್ಪಿಸಿಕೊಂಡು ಬಂದ ಆರ್ಯಕನೆಂಬ ಗೊಲ್ಲರ ತರುಣನು, ಒಂದು ಕಾಲಿನಲ್ಲಿ ಸಂಕೋಲೆಯಿರುವಂತೆಯೇ, ಬೀದಿಯಲ್ಲಿದ್ದ ಚಾರುದತ್ತನ ಗಾಡಿಯನ್ನೇರಿ ಮರೆಯಲ್ಲಿ ಕುಳಿತುಕೊಳ್ಳುತ್ತಾನೆ. ಸಂಕೋಲೆಯ ಸಪ್ಪಳವನ್ನು ಕಾಲ್ಗೆಜ್ಜೆಯ ಸಪ್ಪಳವೆಂದು ಭ್ರಮಿಸಿದ ಗಾಡಿಯಾಳು, ವಸಂತಸೇನೆಯೇ ಏರಿದಳೆಂದು ಎತ್ತುಗಳನ್ನು ಹೊಡೆಯುತ್ತಾನೆ. ದಾರಿಯಲ್ಲಿ ವೀರಕ, ಚಂದನಕರೆಂಬ ಇಬ್ಬರು ನಗರರಕ್ಷಕರು ಗಾಡಿಯನ್ನು ತಡೆಯುತ್ತಾರೆ. ಒಳಗೆ ಇಣಿಕಿ ನೋಡಿದ ಚಂದನಕನಿಗೆ ಆರ್ಯಕನು ಕಾಣುತ್ತಾನೆ. ಶರಣಾಗತನಾದವನಿಗೆ ಚಂದನಕನು ಅಭಯವನ್ನೂ ಕೊಡುತ್ತಾನೆ. ಆದರೆ ಹೊರಗೆ ಬಂದು ತಾನು ಕಂಡುದನ್ನು ವೀರಕನಿಗೆ ತಿಳಿಸುವಾಗ ನಾಲಗೆ ತಪ್ಪುತ್ತದೆ. ‘ಆರ್ಯ’ ಎಂದು ಪುಲ್ಲಿಂಗದಲ್ಲಿ ತೊಡಗಿ, ಕೂಡಲೇ ತಿದ್ದಿಕೊಂಡು, ‘ಆರ್ಯೆ ವಸಂತಸೇನೆ’ ಎನ್ನುತ್ತಾನೆ. ವೀರಕನಿಗೆ ಸಂಶಯ ಹುಟ್ಟಲು ಅಷ್ಟೇ ಸಾಕಾಯಿತು. ಆಗ ಚಂದನಕನು ಕೊಡುವ ಸಮಾಧಾನವು ವಿನೋದಕರವಾಗಿದೆ. ತಾನು ತೆಂಕಣ ದೇಶದವನು. ತೆಂಕಣವರ ಮಾತು ಸ್ಪಷ್ಟವಲ್ಲ. ಅನೇಕ ಮ್ಲೇಚ್ಛಜಾತಿಗಳ ನುಡಿಗಳನ್ನು ಬಲ್ಲವರಾದುದರಿಂದ ಬಾಯಿಗೆ ಬಂದಂತೆ ಆಡಿಬಿಡುವುದುಂಟು. ಗಂಡಾದರೇನು, ಹೆಣ್ಣಾದರೇನು—ಇದು ಅವನ ವಾದ. ಆ ಜಾತಿಗಳ ಉದ್ದವಾದ ಪಟ್ಟಿಯಲ್ಲಿ ದ್ರವಿಡ, ಚೋಳ, ಚೀನ, ಬರ್ಬರಗಳೊಡನೆ ಕರ್ಣಾಟವೂ ಸೇರಿದೆ. ಇಷ್ಟರಿಂದಲೂ ವೀರಕನು ತೃಪ್ತನಾಗದೆ ತಾನೇ ನೋಡುವೆನೆಂದು ಮುಂದಾಗಲು, ಚಂದನಕನು ತನ್ನೊಳಗೆ ಒಂದು ಉಪಾಯವನ್ನು ನಿಶ್ಚಯಿಸುತ್ತಾನೆ. ಆ ಉಪಾಯದ ಹೆಸರು ಪ್ರಾಕೃತದಲ್ಲಿ ‘ಕಣ್ಣಾಡ ಕಲಹ’; ಸಂಸ್ಕೃತಚ್ಛಾಯೆಯಲ್ಲಿ ‘ಕರ್ಣಾಟ ಕಲಹ’.

ಸಂಸ್ಕೃತ ನಾಟಕಗಳಲ್ಲಿ ಕನ್ನಡಿಗರ ಪ್ರಸ್ತಾಪವು ವಿರಳ. ಇಲ್ಲಿ ಬಂದಿರುವುದೂ ಕನ್ನಡಿಗನಲ್ಲ, ಕನ್ನಡಿಗನ ಜಗಳ. ಇದನ್ನು ದೇಶಾಭಿಮಾನದಿಂದ ಎತ್ತಿಹಿಡಿಯುವುದಾಗಲಿ, ಅವಮಾನವೆಂದು ಮುಚ್ಚಿಡುವುದಾಗಲಿ ವಿಚಾರಕ್ಕೆ ಸಹಾಯಕವಲ್ಲ. ಪ್ರೇಮ, ಅಪರಾಧ, ಹಾಸ್ಯ ಈ ಮೂರೂ ಹೆಣೆದುಕೊಂಡಿರುವ ಒಂದು ಜನಪ್ರಿಯ ರೂಪಕದಲ್ಲಿ ನಾನಾ ಜನಗಳನ್ನು ರಂಗಕ್ಕೆ ತಂದ ಬಗೆ ಯಾವುದು, ತಂದವರಿಗೆ ಕವಿಯು ಕೊಟ್ಟುದೇನು ಎಂಬುದನ್ನು ಪರೀಕ್ಷಿಸಲು ಈ ಪ್ರಸಂಗವು ಒಳ್ಳೆಯ ಒರೆಗಲ್ಲಾಗಿದೆ. ಆ ಪರೀಕ್ಷೆಗೆ ಅನುಕೂಲವಾದ ನೆಲವೂ ಒಂದುಂಟು. ಅದು ದಕ್ಷಿಣ ಕನ್ನಡ ಜಿಲ್ಲೆಯ ತೆಂಕುಮೂಡಲ ಭಾಗವಾದ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಸೀಮೆ.

ಈ ಮೂರರಲ್ಲಿ ಕಡಬವು ಹೊಸದು. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಕೂಡಿಸಿ ರಚಿತವಾದುದು. ಸುಬ್ರಹ್ಮಣ್ಯ ಕ್ಷೇತ್ರವು ಈಗ ಅದರೊಳಗೆ ಸೇರಿದೆ. ಆಡಳಿತದ ಗೆರೆ ಹೇಗೇ ಇರಲಿ, ನುಡಿಯ ದೃಷ್ಟಿಯಿಂದ ಇದು ಒಂದೇ ಸೀಮೆ. ಸಾಮಾನ್ಯ ವ್ಯವಹಾರವೆಲ್ಲ ತುಳುವಿನಲ್ಲಿ. ಹವ್ಯಕರ ಮನೆಗಳಲ್ಲಿ ಹವ್ಯಕ ಕನ್ನಡ; ಸುಳ್ಯದ ಕಡೆಯ ಗೌಡರಲ್ಲಿ ಅರೆಭಾಷೆ, ಪುತ್ತೂರಿನ ಕಡೆಯ ಗೌಡರಲ್ಲಿ ತುಳು—ಒಂದೇ ಜನಾಂಗಕ್ಕೆ ಎರಡು ಮನೆಮಾತು. ಬ್ಯಾರಿಗಳದು ಬ್ಯಾರಿಭಾಷೆ, ಸಾರಸ್ವತರದೂ ಕ್ರೈಸ್ತರದೂ ಕೊಂಕಣಿ, ಅದರಲ್ಲಿಯೂ ಎರಡು ಬಗೆ, ಕಾಸರಗೋಡಿನ ಎಲ್ಲೆಗೆ ಸಮೀಪಿಸಿದಂತೆ ಮಲಯಾಳ, ನಡುವೆ ಮರಾಟಿಯ ಪ್ರಭೇದಗಳನ್ನಾಡುವ ಮನೆಗಳೂ ಉಂಟು. ಇವರೆಲ್ಲರ ಶಾಲೆಯ, ಕಚೇರಿಯ, ಸಭೆಯ ಭಾಷೆ ಕನ್ನಡ. ಇಲ್ಲಿ ಪುಸ್ತಕದ ಕನ್ನಡವನ್ನು ತಾಯಿಯ ಬಾಯಿಂದ ಕಲಿತವರು ಕೆಲವರೇ. ಉಳಿದವರಿಗೆಲ್ಲ ಅದು ವೇಷ ಕಟ್ಟಿ ರಂಗಕ್ಕೆ ಬಂದಾಗ ಆಡುವ ಮಾತಿನಂತೆ. ಸುಳ್ಯ ಸೀಮೆಯ ಪಂಜ ಮೂಲದವರಾದ ಪಂಜೆ ಮಂಗೇಶರಾಯರಿಗೂ (1874–1937) ಮನೆಮಾತು ಕೊಂಕಣಿ, ಊರ ಮಾತು ತುಳು. ಕನ್ನಡ ಗದ್ಯಕ್ಕೆ ಅವರು ತಂದುಕೊಟ್ಟ ಸರಳತೆಯು ಹೀಗೆ ಎರಡು ಮಾತುಗಳನ್ನು ದಾಟಿ ಬಂದುದು. ಮಾತಿನಿಂದಲೇ ಆಡಿದವನ ಕುಲ, ಊರು, ಅಂತಸ್ತುಗಳನ್ನು ಕ್ಷಣದಲ್ಲಿ ಗುರುತಿಸುವ ಚುರುಕು ಈ ಸೀಮೆಯ ಕಿವಿಗೆ ಸಹಜವಾಗಿಯೇ ಬಂದಿದೆ. ಮೃಚ್ಛಕಟಿಕವು ಬೇಡುವುದು ಅಂತಹ ಕಿವಿಯನ್ನೇ.

ಸಂಸ್ಕೃತ ನಾಟಕಗಳಲ್ಲಿ ಉತ್ತಮ ಪುರುಷಪಾತ್ರಗಳಿಗೆ ಸಂಸ್ಕೃತ, ಸ್ತ್ರೀಯರಿಗೂ ಕೆಳವರ್ಗದವರಿಗೂ ಪ್ರಾಕೃತ ಎಂಬ ನಿಯಮವು ಸುಪ್ರಸಿದ್ಧ. ಮಿಕ್ಕ ಕವಿಗಳು ಎರಡು ಮೂರು ಪ್ರಾಕೃತಗಳಲ್ಲಿ ಕೆಲಸ ಮುಗಿಸಿದರೆ, ಶೂದ್ರಕನಲ್ಲಿ ವ್ಯಾಖ್ಯಾನಕಾರನಾದ ಪೃಥ್ವೀಧರನು ಏಳನ್ನು ಎಣಿಸುತ್ತಾನೆ. ಸೂತ್ರಧಾರ, ವಸಂತಸೇನೆ, ಆಕೆಯ ತಾಯಿ, ಚಾರುದತ್ತನ ಪತ್ನಿ ಧೂತೆ, ದಾಸಿ ಮದನಿಕೆ ಮೊದಲಾದ ಹನ್ನೊಂದು ಮಂದಿಗೆ ಶೌರಸೇನಿ. ವೀರಕ, ಚಂದನಕರಿಗೆ ಆವಂತಿಕೆ. ಅದು ಗಾದೆಗಳಿಂದ ತುಂಬಿದ ಮಾತೆಂದು ಅವನ ಲಕ್ಷಣ. ವಿದೂಷಕನಾದ ಮೈತ್ರೇಯನಿಗೆ ಪ್ರಾಚ್ಯೆ. ಸಂವಾಹಕ, ಮೂವರು ಚೇಟರು, ಚಾರುದತ್ತನ ಮಗ ರೋಹಸೇನ ಇವರಿಗೆ ಮಾಗಧಿ. ರಾಜಶ್ಯಾಲನಿಗೆ ಶಕಾರಿ, ವಧ್ಯಸ್ಥಾನದ ಇಬ್ಬರು ಚಂಡಾಲರಿಗೆ ಚಾಂಡಾಲಿ, ಜೂಜುಕೋರರಾದ ಮಾಥುರ ಮತ್ತು ಅವನ ಸಂಗಡಿಗನಿಗೆ ಢಕ್ಕಿ. ಭಾಸನದೆಂದು ಹೇಳಲಾಗುವ, ತಿರುವನಂತಪುರದಲ್ಲಿ ಟಿ. ಗಣಪತಿಶಾಸ್ತ್ರಿಗಳು 1912ರಿಂದ 1915ರ ವರೆಗೆ ಪ್ರಕಟಿಸಿದ ನಾಟಕಚಕ್ರಕ್ಕೆ ಸೇರಿದ ಚಾರುದತ್ತವೆಂಬ ನಾಲ್ಕಂಕದ ರೂಪಕದಲ್ಲಿ ಇದೇ ಕಥೆಯ ಮೊದಲ ಭಾಗವಿದ್ದರೂ ಭಾಷೆಗಳ ಈ ಸಂತೆಯಿಲ್ಲ. ಇದನ್ನು ಬೇಕೆಂದೇ ನೆರಹಿದವನು ಶೂದ್ರಕ.

ಏಕೆ ನೆರಹಿದನು? ಕೇವಲ ನಗೆಗಾಗಿ ಎಂದು ಹೇಳಿಬಿಡುವುದು ಸುಲಭ. ಆದರೆ ಯಾರು ಏನನ್ನು ಆಡುತ್ತಾರೆಂಬುದನ್ನು ಯಾರು ಏನನ್ನು ಮಾಡುತ್ತಾರೆಂಬುದರ ಪಕ್ಕದಲ್ಲಿಟ್ಟು ನೋಡಿದರೆ ಆ ಉತ್ತರ ನಿಲ್ಲದು. ಮೂರನೆಯ ಅಂಕದಲ್ಲಿ ಚಾರುದತ್ತನ ಮನೆಗೆ ಕನ್ನ ಹಾಕುವ ಶರ್ವಿಲಕನು ಬ್ರಾಹ್ಮಣ. ಅವನ ಮಾತು ಅಚ್ಚ ಸಂಸ್ಕೃತ. ಗೋಡೆಯಲ್ಲಿ ಯಾವ ಆಕಾರದ ಕಿಂಡಿ ಶೋಭಿಸೀತು—ಅರಳಿದ ತಾವರೆಯೋ, ಎಳೆಯ ಚಂದ್ರನೋ, ಸ್ವಸ್ತಿಕವೋ, ಪೂರ್ಣಕುಂಭವೋ—ಎಂದು ಶಾಸ್ತ್ರೋಕ್ತವಾಗಿ ಚರ್ಚಿಸಿ, ಅಳತೆಯ ದಾರವನ್ನು ಮರೆತು ಬಂದುದರಿಂದ ಯಜ್ಞೋಪವೀತದಿಂದಲೇ ಅಳೆಯುತ್ತಾನೆ. ದೇವಭಾಷೆಯೂ ಜನಿವಾರವೂ ಕಳ್ಳನ ಕಸುಬಿಗೆ ಒದಗುತ್ತವೆ. ಎಂಟನೆಯ ಅಂಕದಲ್ಲಿಯಾದರೋ, ವಸಂತಸೇನೆಯನ್ನು ಕೊಲ್ಲೆಂದು ಶಕಾರನು ಆಜ್ಞಾಪಿಸಿದಾಗ, ಹೊನ್ನಿನ ಆಸೆಗೂ ಹೊಡೆತದ ಭಯಕ್ಕೂ ಜಗ್ಗದೆ, ಪರಲೋಕಕ್ಕೆ ಅಂಜುವೆನೆಂದು ನಿರಾಕರಿಸುವವನು ಸ್ಥಾವರಕನೆಂಬ ದಾಸ, ಅವನದು ಮಾಗಧಿ. ಹೀಗೆ ನುಡಿಯ ಮೆಟ್ಟಿಲು ಒಂದು, ನಡೆಯ ಮೆಟ್ಟಿಲು ಮತ್ತೊಂದು. ಎರಡನ್ನೂ ಒಂದೆಂದು ಭಾವಿಸಿ ಬಂದ ಪ್ರೇಕ್ಷಕನು ಹತ್ತು ಅಂಕಗಳುದ್ದಕ್ಕೂ ಎಡವುತ್ತಲೇ ಇರಬೇಕಾಗುತ್ತದೆ. ವಸಂತಸೇನೆಯಂತೂ ಶೌರಸೇನಿಯನ್ನಾಡುವವಳಾದರೂ ಐದನೆಯ ಅಂಕದ ಮಳೆಯಲ್ಲಿ ಅಭಿಸಾರಕ್ಕೆ ಹೊರಟಾಗ ಸಂಸ್ಕೃತದಲ್ಲಿ ಶ್ಲೋಕಗಳನ್ನು ಹೇಳುತ್ತಾಳೆ. ವಿಧಿಸಿದ ಎಲ್ಲೆಯನ್ನು ಆಕೆ ದಾಟಬಲ್ಲಳೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಪೃಥ್ವೀಧರನ ಲಕ್ಷಣದಂತೆ ಶಕಾರಿಗೂ ಚಾಂಡಾಲಿಗೂ ಗುರುತು ಒಂದೇ: ಎರಡರಲ್ಲಿಯೂ ತಾಲವ್ಯ ಶಕಾರ, ಎರಡರಲ್ಲಿಯೂ ರೇಫಕ್ಕೆ ಲಕಾರ. ಎಂದರೆ, ಕಣ್ಣು ಮುಚ್ಚಿ ಕೇಳಿದರೆ ರಾಜನ ಭಾವಮೈದುನನೂ ಶೂಲಕ್ಕೇರಿಸುವ ಆಳುಗಳೂ ಒಂದೇ ಬೀದಿಯವರು. ಮಾತಿನಲ್ಲಿ ಒಂದಾದವರನ್ನು ಕವಿ ನಡತೆಯಲ್ಲಿ ಬೇರ್ಪಡಿಸುತ್ತಾನೆ. ಶಕಾರನು ಚಾರುದತ್ತನನ್ನು ಬೇಗ ಕೊಲ್ಲಿರೆಂದು ತವಕಿಸುತ್ತಾನೆ. ಚಂಡಾಲರು ಸರದಿ ಯಾರದೆಂದು ವಾದಿಸುತ್ತ, ಗೆರೆಗಳನ್ನು ಗೀಚಿ ಎಣಿಸುತ್ತ ಹೊತ್ತು ಕಳೆಯುತ್ತಾರೆ. ವಧ್ಯನನ್ನು ಅವಸರದಿಂದ ಕೊಲ್ಲಬೇಡ, ಅಷ್ಟರಲ್ಲಿ ಯಾರಾದರೂ ಹಣ ತೆತ್ತು ಬಿಡಿಸಿಯಾರು, ರಾಜನಿಗೆ ಮಗ ಹುಟ್ಟೀತು, ಆನೆ ಕಟ್ಟು ಕಿತ್ತೀತು, ರಾಜ್ಯವೇ ಮಗುಚೀತು ಎಂದು ತನ್ನ ತಂದೆ ಸಾಯುವಾಗ ಹೇಳಿಹೋದ ಬುದ್ಧಿಯನ್ನು ಒಬ್ಬನು ನೆನೆಯುತ್ತಾನೆ. ಕುಲದಿಂದ ತಾವು ಚಂಡಾಲರಾದರೂ ಸಾಧುವನ್ನು ಹಿಂಸಿಸುವವರೇ ನಿಜವಾದ ಚಂಡಾಲರೆಂದು ಅವರ ಬಾಯಿಂದಲೇ ಕವಿ ಆಡಿಸುತ್ತಾನೆ. ಕತ್ತಿ ಕೈಜಾರಿ ಬಿದ್ದಾಗ ಅವರು ಕರೆಯುವ ದೇವತೆಯ ಹೆಸರು ಸಹ್ಯವಾಸಿನಿ. ಉಜ್ಜಯಿನಿಯ ವಧ್ಯಭೂಮಿಯಲ್ಲಿ ಸಹ್ಯಾದ್ರಿಯ ದೇವಿಗೆ ಮೊರೆ! ಕವಿ ದಾಕ್ಷಿಣಾತ್ಯನಿರಬೇಕೆಂದು ಊಹಿಸುವ ವಿದ್ವಾಂಸರಿಗೆ ಇದೂ ಒಂದು ಆಧಾರ. ಊಹೆ ಊಹೆಯೇ, ಆದರೆ ಬಾಗಿಲು ತೆರೆದರೆ ಆ ಗಿರಿಯೇ ಕಾಣುವ ಸುಬ್ರಹ್ಮಣ್ಯದ ಓದುಗನು ಆ ಹೆಸರನ್ನು ಸುಮ್ಮನೆ ದಾಟಿ ಹೋಗಲಾರನು.

ಈಗ ಕನ್ನಡ ಕಲಹಕ್ಕೆ ಬರಬಹುದು. ಅದೆಂತಹ ಕಲಹವೆಂಬುದನ್ನು ಬೇರೆ ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ಮುಂದೆ ನಡೆಯುವುದೇ ಅದರ ವಿವರಣೆ. ಚಂದನಕನು ತಾನು ನೋಡಿದುದನ್ನು ಮತ್ತೆ ನೋಡಲು ನೀನಾರೆಂದು ದರ್ಪದಿಂದ ತೊಡಗುತ್ತಾನೆ; ಮಾತು ಕುಲಕ್ಕೆ ತಿರುಗುತ್ತದೆ. ಇಬ್ಬರೂ ಮತ್ತೊಬ್ಬರ ಜಾತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಲ್ಲು, ಕತ್ತರಿ, ಗಡ್ಡ ತಿದ್ದುವ ಕೈ—ಇಷ್ಟು ಸೂಚಿಸಿ ಚಂದನಕನು ವೀರಕನನ್ನು ಕ್ಷೌರಿಕನೆನ್ನುತ್ತಾನೆ. ನಿನ್ನ ತಾಯಿ ಭೇರಿ, ತಂದೆ ಪಟಹ ಎಂದು ವಾದ್ಯಗಳ ನಂಟನ್ನು ಎಣಿಸಿ ವೀರಕನು ಚಂದನಕನನ್ನು ಚರ್ಮಕಾರನೆನ್ನುತ್ತಾನೆ. ಇಬ್ಬರೂ ರಾಜನ ವಿಶ್ವಾಸವನ್ನು ಪಡೆದ ಅಧಿಕಾರಿಗಳು. ಹುಟ್ಟಿನ ಕಾರಣದಿಂದ ಒಬ್ಬರನ್ನೊಬ್ಬರು ತುಳಿಯುತ್ತಿರುವವರು. ಕೊನೆಗೆ ವೀರಕನು ಗಾಡಿಯನ್ನೇರಲು ಹೋದಾಗ ಚಂದನಕನು ಜುಟ್ಟು ಹಿಡಿದೆಳೆದು ಕೆಡಹಿ ಒದೆಯುತ್ತಾನೆ. ಗದ್ದಲದಲ್ಲಿ ಗಾಡಿ ಹೊರಟುಹೋಗುತ್ತದೆ. ಸಲ್ಲದ ಕಾರಣಕ್ಕೆ ದನಿಯೆತ್ತಿ, ಕುಲವನ್ನೆಳೆದು, ಕೈಗೆ ಕೈ ಹತ್ತಿಸಿ ಮುಖ್ಯವಾದ ಪ್ರಶ್ನೆಯನ್ನೇ ಮರೆಸಿಬಿಡುವ ತಂತ್ರ—ಉಜ್ಜಯಿನಿಯ ನಗೆಗಾರರ ಕಣ್ಣಿನಲ್ಲಿ ಇದು ಕನ್ನಡದವರ ಸೊತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಇದೇ ಜನರನ್ನು ಕಾವ್ಯಪ್ರತಿಭೆಗೆ ಹೊಗಳಿತು. ಹೊರಗಿನವರಿಗೆ ಕಂಡುದು ಜಗಳ. ಎರಡು ಚಿತ್ರಗಳಲ್ಲಿ ಒಂದನ್ನೇ ನಂಬಬೇಕೆಂಬ ನಿರ್ಬಂಧವೇನೂ ಇಲ್ಲ.

ಹಾಸ್ಯದಲ್ಲಿ ಒಂದು ಜನಾಂಗಕ್ಕೆ ಒಂದು ಚಟವನ್ನು ಅಂಟಿಸಿಬಿಡುವುದು ಎಲ್ಲ ಕಾಲದ ವಾಡಿಕೆ. ಶೂದ್ರಕನೂ ಅದರಿಂದ ಹೊರತಲ್ಲ. ಆದರೆ ಅವನು ಅಂಟಿಸಿದ ಚಟವು ಅಲಂಕಾರವಾಗಿ ಉಳಿಯದೆ ಕಥೆಯ ಕೀಲಾಗಿದೆ. ಈ ಕಲಹದಿಂದ ಆರ್ಯಕನು ಉಳಿಯುತ್ತಾನೆ. ಪಾಲಕನು ಅಳಿದು ಆರ್ಯಕನು ರಾಜನಾಗುವುದಕ್ಕೆ ದಾರಿಯಾಗುತ್ತದೆ. ಇದೇ ಕಲಹದಿಂದ ಚಾರುದತ್ತನು ಶೂಲದ ಬಳಿಗೂ ಹೋಗುತ್ತಾನೆ. ಒಂಬತ್ತನೆಯ ಅಂಕದಲ್ಲಿ, ಕೊಲೆಯ ಆರೋಪದ ವಿಚಾರಣೆ ನಡೆಯುತ್ತಿರುವಾಗ, ಒದೆತ ತಿಂದ ಅಪಮಾನವನ್ನು ದೂರಲು ನ್ಯಾಯಸ್ಥಾನಕ್ಕೆ ಬರುವವನು ವೀರಕ. ವಸಂತಸೇನೆಯನ್ನು ಹೊತ್ತ ಚಾರುದತ್ತನ ಗಾಡಿ ಪುಷ್ಪಕರಂಡಕೋದ್ಯಾನಕ್ಕೆ ಹೋಗುತ್ತಿತ್ತೆಂದು ಅವನು ತಿಳಿಸುವ ವೃತ್ತಾಂತವೇ ಆರೋಪಕ್ಕೆ ಬಲವಾಗುತ್ತದೆ. ಚಂದನಕನು ಆಡಿದ ಸುಳ್ಳನ್ನು ವೀರಕನು ಸತ್ಯವೆಂದು ನಂಬಿ ಪ್ರಾಮಾಣಿಕವಾಗಿ ಸಾಕ್ಷಿ ನುಡಿದಿದ್ದಾನೆ. ಇಷ್ಟು ಬಿಗಿಯಾದ ಹೆಣಿಗೆಯನ್ನು ಒಂದು ನಾಲಗೆಯ ತಪ್ಪಿನಿಂದ ಹುಟ್ಟಿಸಿದುದು ಶೂದ್ರಕನ ಕೌಶಲ.

ಇಲ್ಲಿ ಗಮನಿಸಬೇಕಾದ ಕೊರತೆಯೂ ಒಂದುಂಟು. ರಂಗದ ಮೇಲೆ ಕನ್ನಡದ ಕಲಹವಿದೆ, ಕನ್ನಡದ ಮಾತಿಲ್ಲ. ಬರ್ಬರ, ಕಿರಾತ, ಆಂಧ್ರ, ದ್ರಮಿಳ ಜಾತಿಗಳ ಪಾತ್ರಗಳಿಗೆ ಅವರವರ ಭಾಷೆಯನ್ನೇ ಇಡಬಾರದೆಂದು ನಾಟ್ಯಶಾಸ್ತ್ರದ ಭಾಷಾವಿಧಾನದಲ್ಲಿ ನಿಷೇಧವಿದೆ. ಪ್ರಾಕೃತಗಳಿಗೆ ಎಷ್ಟು ಬಾಗಿಲುಗಳಿದ್ದರೂ ತೆಂಕಣ ನುಡಿಗಳಿಗೆ ಒಂದೂ ಇಲ್ಲ. ಚಂದನಕನ ಮಾತು ಆವಂತಿಕೆಯೋ ದಾಕ್ಷ್ಷಿಣಾತ್ಯೆಯೋ ಎಂದು ಪಂಡಿತರು ಚರ್ಚಿಸಿದುದುಂಟು. ಯಾವುದಾದರೂ ಅದು ಪ್ರಾಕೃತವೇ.

ಇದಕ್ಕೆ ಪ್ರತಿಯಾಗಿ ನಿಲ್ಲುವ ಉದಾಹರಣೆ ಐಗುಪ್ತದ ಮರಳಿನಲ್ಲಿ ದೊರೆಯಿತೆಂಬುದು ವಿಚಿತ್ರ. ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, ಗ್ರೆನ್‌ಫೆಲ್ ಮತ್ತು ಹಂಟ್ ಎಂಬವರು 1903ರಲ್ಲಿ ಪ್ರಕಟಿಸಿದ ಗ್ರೀಕ್ ಪ್ರಹಸನವೊಂದರಲ್ಲಿ, ಹಿಂದೂದೇಶದ ಕರಾವಳಿಯ ರಾಜನ ಸೆರೆಯಲ್ಲಿರುವ ಖಾರಿಟಿಯೋನ್ ಎಂಬ ಯುವತಿಯನ್ನು ಆಕೆಯ ಸಂಗಡಿಗರು, ರಾಜನಿಗೂ ಅವನ ಪರಿವಾರಕ್ಕೂ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುತ್ತಾರೆ. ಆ ರಾಜನೂ ಪರಿವಾರದವರೂ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವೆಂದು ಹುಲ್ಟ್‌ಜ್ ಪಂಡಿತನು 1904ರಲ್ಲಿ ಸೂಚಿಸಿದನು, ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಜಾಡಿನಲ್ಲಿ ನಡೆದರು. 1926ರಲ್ಲಿ ಬಾರ್ನೆಟ್ ಪಂಡಿತನು ಅಲ್ಲಗಳೆದನು. ತುಳುವೆಂಬ ವಾದವೂ ಅನಂತರ ಹುಟ್ಟಿತು. ವಿವಾದವು ತೀರಿಲ್ಲ. ಪ್ರಕೃತಕ್ಕೆ ಬೇಕಾದುದು ಇಷ್ಟು: ಉಜ್ಜಯಿನಿಯಲ್ಲಿ ತೆಂಕಣವನ ನಡವಳಿಕೆ ರಂಗಕ್ಕೆ ಬಂತು, ಮಾತು ಬರಲಿಲ್ಲ, ಐಗುಪ್ತದಲ್ಲಿ ಕರಾವಳಿಯವನ ಮಾತಿನ ಸದ್ದು ಬಂತು, ಅರ್ಥ ಬರಲಿಲ್ಲ. ಎರಡೂ ಕಡೆ ನಕ್ಕವರು ಬೇರೆಯವರು. ನಗೆಗೆ ಗುರಿಯಾದವರು ಸಭೆಯಲ್ಲಿರಲಿಲ್ಲ.

ಪುತ್ತೂರು ಸೀಮೆಯ ರಂಗಕ್ಕೂ ಉಜ್ಜಯಿನಿಯ ರಂಗಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಇಲ್ಲಿಯ ತೆಂಕುತಿಟ್ಟಿನ ಬಯಲಾಟದಲ್ಲಿಯೂ ನುಡಿಯ ಮೆಟ್ಟಿಲುಗಳುಂಟು. ರಾಜವೇಷ, ಬಣ್ಣದ ವೇಷಗಳಿಗೆ ಗ್ರಾಂಥಿಕ ಕನ್ನಡ. ಹಾಸ್ಯಗಾರನಿಗೆ ಆಡುಮಾತಿನ ಸ್ವಾತಂತ್ರ್ಯ. ದೂತನಾಗಿ, ಪುರೋಹಿತನಾಗಿ, ವ್ಯಾಪಾರಿಯಾಗಿ ಒಂದೇ ರಾತ್ರಿ ಹಲವು ಸಲ ಬರುವ ಹಾಸ್ಯಗಾರನು ಊರಿನ ಎಲ್ಲ ಜಾತಿಗಳ ಮಾತಿನ ವರಸೆಗಳನ್ನು ಅನುಕರಿಸಬಲ್ಲವನಾಗಿರಬೇಕು. ಆದರೆ ಗದ್ದೆಯಲ್ಲಿ ಕುಳಿತಿರುವ ಸಭೆಯೂ ಅವೇ ಜಾತಿಗಳದು. ಅನುಕರಣ ಅಳತೆ ಮೀರಿದರೆ ಉತ್ತರ ಆ ರಾತ್ರಿಯೇ ಬರುತ್ತದೆ. ಹಾಸ್ಯಕ್ಕೆ ಮೀಸಲಾಗಿದ್ದ ಮಾತು ಪ್ರಧಾನವೇಷಕ್ಕೆ ಏರಿದ ನಿದರ್ಶನವೂ ಇದೇ ತಿಟ್ಟಿನಲ್ಲಿದೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನವನ್ನು ಕಟ್ಟಿಸಿದನೆಂಬ ಪ್ರತೀತಿಯುಳ್ಳ ಬ್ಯಾರಿ ವರ್ತಕನ ಕಥೆ ‘ಬಪ್ಪನಾಡು ಕ್ಷೇತ್ರಮಹಾತ್ಮೆ’ ಎಂಬ ಪ್ರಸಂಗವಾಯಿತು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಬಪ್ಪ ಬ್ಯಾರಿಯ ಪಾತ್ರ ಪ್ರಸಿದ್ಧವಾದುದು. ಅಲ್ಲಿ ಬ್ಯಾರಿಯು ಯಾರದೋ ಕಥೆಯಲ್ಲಿ ನಗಿಸಿ ಮರೆಯಾಗುವವನಲ್ಲ. ಕಥೆಯೇ ಅವನದು, ನಿರ್ಧಾರವೂ ಅವನದು.

ಬರೆಹದಲ್ಲಿಯೂ ಈ ಬಗೆಯ ತಿರುವು ಕಂಡುಬರುತ್ತದೆ. ಹವ್ಯಕ ಆಡುಮಾತನ್ನು ಮುದ್ರಿತ ನಾಟಕಕ್ಕೆ ತಂದ ಕೀರ್ತಿ ಉತ್ತರ ಕನ್ನಡದ ಕರ್ಕಿ ವೆಂಕಟರಮಣಶಾಸ್ತ್ರಿ ಸೂರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ಕ್ಕೆ (1887) ಸಲ್ಲುತ್ತದೆ, ಕನ್ಯಾವಿಕ್ರಯವನ್ನು ಹಳಿಯುವ ಆ ಕೃತಿಯಲ್ಲಿ ಬರೆದವರೂ ನಗೆಗೆ ಗುರಿಯಾದವರೂ ಒಂದೇ ಸಮಾಜದವರು. ಪುತ್ತೂರಿನ ಬೊಳುವಾರಿನವರಾದ ಬೊಳುವಾರು ಮಹಮದ್ ಕುಂಞಿಯವರು ಮುತ್ತುಪ್ಪಾಡಿ ಎಂಬ ಕಲ್ಪಿತ ಗ್ರಾಮವನ್ನು ಕಟ್ಟಿ, ಅದರ ಮುಸಲ್ಮಾನ ನಿವಾಸಿಗಳನ್ನು ಅವರ ಮಾತು, ಮುನಿಸು, ಕುಚೋದ್ಯಗಳ ಸಮೇತ ಕನ್ನಡ ಕಥೆಗೆ ತಂದರು. 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಸ್ವಾತಂತ್ರ್ಯದ ಓಟ’ವೂ ಆ ಲೋಕದ್ದೇ. ಕುಚೋದ್ಯವು ಒಳಗಿನಿಂದ ಬಂದಾಗ ಅದರ ರುಚಿಯೇ ಬೇರೆ.

ಮೃಚ್ಛಕಟಿಕವು ಕನ್ನಡಿಗರಿಗೆ ಹಲವು ದಾರಿಗಳಿಂದ ಬಂದಿದೆ. 1941ರಲ್ಲಿ ‘ವಸಂತಸೇನಾ’ ಎಂಬ ಕನ್ನಡ ವಾಕ್ಚಿತ್ರವು ಎಂ. ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರ ಅಭಿನಯದೊಡನೆ ಹೊರಬಂದಿತು. 1984ರಲ್ಲಿ ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಉತ್ಸವ್’ ಎಂಬ ಹಿಂದೀ ಚಿತ್ರವಾಗಿಸಿ, ಕಳ್ಳನ ಪಾತ್ರವನ್ನು ಶಂಕರ್ ನಾಗ್ ಅವರಿಗೆ ಕೊಟ್ಟರು. ಅಂತೂ ಉಜ್ಜಯಿನಿಗೆ ಒಬ್ಬ ಕನ್ನಡಿಗನು, ಜಗಳಕ್ಕಲ್ಲದಿದ್ದರೂ ಕನ್ನಕ್ಕೆ, ಹೋದಂತಾಯಿತು. ಉಡುಪಿಯ ಬನ್ನಂಜೆ ಗೋವಿಂದಾಚಾರ್ಯರ ಅನುವಾದದ ಹೆಸರು ‘ಆವೆಯ ಮಣ್ಣಿನ ಆಟದ ಬಂಡಿ’. ಶೀರ್ಷಿಕೆಯಲ್ಲಿಯೇ ಅಚ್ಚಗನ್ನಡದ ಸೊಗಸಿದೆ. ಆದರೆ ಅನುವಾದಕನು ಎಷ್ಟೇ ಸಮರ್ಥನಾಗಲಿ, ಏಳು ಪ್ರಾಕೃತಗಳನ್ನು ಒಂದೇ ಶಿಷ್ಟ ಕನ್ನಡಕ್ಕೆ ಇಳಿಸಿದರೆ ಚಂದನಕನ ಪ್ರಸಂಗವು ನಿಲ್ಲುವುದಿಲ್ಲ. ಶಿಷ್ಟ ಕನ್ನಡದಲ್ಲಿ ‘ಇದ್ದಾನೆ’ ಎಂದು ತೊಡಗಿ ‘ಇದ್ದಾಳೆ’ ಎಂದು ತಿದ್ದಿಕೊಂಡವನು ತಾನು ತೆಂಕಣವನು, ತನ್ನ ಲಿಂಗಜ್ಞಾನ ಅಷ್ಟಕ್ಕಷ್ಟೇ ಎಂದರೆ ಯಾರು ನಂಬುವರು? ಕನ್ನಡದಲ್ಲಿ ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ಪ್ರತ್ಯಯಗಳುಂಟಷ್ಟೆ.

ಪುತ್ತೂರು ಸೀಮೆಯ ಅಧ್ಯಾಪಕನಿಗೆ ಈ ತೊಡಕಿನ ಕೀಲಿಕೈ ಮನೆಯಲ್ಲಿಯೇ ಇದೆ. ಹವ್ಯಕ ಕನ್ನಡದಲ್ಲಿ ಏಕವಚನದ ಸ್ತ್ರೀಯನ್ನು ನಪುಂಸಕದಿಂದ ನಿರ್ದೇಶಿಸುವುದು ವಾಡಿಕೆ: ಗಂಡಸಿಗೆ ‘ಅವ ಇದ್ದ’, ಹೆಂಗಸಿಗೆ ‘ಅದು ಇದ್ದು’. ಚಂದನಕನು ಆ ಮಾತಿನವನಾದರೆ ‘ಗಾಡಿಯೊಳ ಇದ್ದ’ ಎಂದು ತಪ್ಪಿ ‘ಇದ್ದು’ ಎಂದು ತಿದ್ದಿಕೊಳ್ಳುವನು. ‘ಇದ್ದು’ ಎಂಬುದು ವಸಂತಸೇನೆಗೂ ಸಲ್ಲುತ್ತದೆ, ಒಂದು ಮೂಟೆಗೂ ಸಲ್ಲುತ್ತದೆ. ಅಷ್ಟರಮಟ್ಟಿಗೆ ಅವನಿಗೆ ಸುಳ್ಳಿನ ಪಾಪವೂ ಕಡಿಮೆ. ವೀರಕನನ್ನು ಆ ಮಾತಿನ ಪರಿಚಯವಿಲ್ಲದ ಘಟ್ಟದ ಮೇಲಿನವನನ್ನಾಗಿ ಮಾಡಿದರೆ ಅವನ ಸಂಶಯವೂ, ತೆಂಕಣವರ ಮಾತೇ ಹೀಗೆಂಬ ಚಂದನಕನ ಸಮಾಧಾನವೂ ಸಹಜವಾಗುತ್ತವೆ. ಈ ಲಿಂಗವ್ಯತ್ಯಯವು ಊರಿನ ಹಾಸ್ಯಕ್ಕೆ ಒದಗುತ್ತಲೇ ಇರುವುದರಿಂದ, ತರಗತಿಯ ಹವ್ಯಕ ಹುಡುಗನೇ ಮೊದಲು ನಕ್ಕಾನು.

ಆದರೆ ಈ ಕೀಲಿಕೈಯನ್ನು ಎಲ್ಲ ಬೀಗಗಳಿಗೂ ಹಾಕಲು ಬರುವುದಿಲ್ಲ. ಜೂಜುಕೋರನಿಗೆ ಒಂದು ಮನೆಮಾತು, ಚಂಡಾಲನಿಗೆ ಒಂದು ಮನೆಮಾತು ಎಂದು ಈ ಸೀಮೆಯ ನುಡಿಗಳನ್ನು ಹಂಚತೊಡಗಿದರೆ ಪ್ರಮಾದ ಸಂಭವಿಸುತ್ತದೆ. ಶೂದ್ರಕನ ಚಾಂಡಾಲಿಯು ಯಾರ ಮನೆಯ ಮಾತೂ ಅಲ್ಲ. ವ್ಯಾಕರಣಕಾರರು ಎರಡು ಅಕ್ಷರವ್ಯತ್ಯಯಗಳಿಂದ ಕಟ್ಟಿದ ರಂಗದ ಗುರುತು. ತುಳುವಿನ ಒಂದು ಒಳಪ್ರಭೇದವನ್ನೋ ಅರೆಭಾಷೆಯನ್ನೋ ಅಲ್ಲಿಟ್ಟರೆ, ಅದನ್ನು ನಿಜವಾಗಿ ಆಡುವ ಮಗುವು ಮೂರನೆಯ ಸಾಲಿನ ಬೆಂಚಿನಲ್ಲಿ ಕುಳಿತಿರುತ್ತದೆ. ಚಂದನಕನ ತಪ್ಪಿಗೆ ನಗುವ ಹವ್ಯಕ ಹುಡುಗನಿಗೆ ಆ ಪಾತ್ರದಿಂದ ನಷ್ಟವಿಲ್ಲ. ಚಂದನಕನು ಅಂಕದ ನಾಯಕನೇ ಸರಿ. ವಧಕನ ವೇಷಕ್ಕೆ ತನ್ನ ತಾಯ್ನುಡಿಯನ್ನು ಕೇಳಿದ ಮಗುವಿಗೆ, ಆ ವಧಕನು ಎಷ್ಟು ದಯಾಳುವೆಂಬ ಸಮಾಧಾನವು ಹತ್ತನೆಯ ಅಂಕ ಮುಗಿಯುವ ವರೆಗೆ ದೊರೆಯದು. ಇಂತಹ ಕಡೆ ಶಕಾರನಿಗೂ ಚಂಡಾಲರಿಗೂ ಮೂಲದಲ್ಲಿರುವಂತೆ ಒಂದೇ ಕೃತಕವಾದ ಉಚ್ಚಾರವನ್ನು—ಸಕಾರಕ್ಕೆ ಶಕಾರ, ರೇಫಕ್ಕೆ ಲಕಾರ—ಉಳಿಸಿಕೊಳ್ಳುವುದೇ ಲೇಸು. ಆಗ ಅರಮನೆಯ ನೆಂಟನೂ ಶ್ಮಶಾನದ ಆಳೂ ಕಿವಿಗೆ ಒಂದಾಗಿ, ಕವಿಯ ಕುಟುಕು ತಾನಾಗಿಯೇ ಮುಟ್ಟುತ್ತದೆ. ಈ ಸೀಮೆಯ ನುಡಿಗಳಲ್ಲಿ ತುಳು, ಕೊಂಕಣಿಗಳಿಗೆ 1994ರಲ್ಲಿಯೂ ಬ್ಯಾರಿಗೆ 2009ರಲ್ಲಿಯೂ, ಅನಂತರ ಅರೆಭಾಷೆಗೂ ಸರಕಾರದ ಅಕಾಡೆಮಿಗಳಾದುವು. ಆ ನುಡಿಗಳಲ್ಲಿ ಮೃಚ್ಛಕಟಿಕವನ್ನು ಇಡಿಯಾಗಿ ಕಾಣಿಸುವುದಾದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ: ಚಾರುದತ್ತನೂ ತುಳುವನಾದಾಗ ಚಂಡಾಲನು ತುಳುವನಾಗುವುದರಲ್ಲಿ ಕುಂದಿಲ್ಲ.

ಹಾಗೆ ಕಾಣಿಸುವವರು ಹತ್ತನೆಯ ಅಂಕದ ಒಂದು ಸ್ಥಳದಲ್ಲಿ ಎಚ್ಚರದಿಂದಿರಬೇಕು. ಶಕಾರನ ಉಪ್ಪರಿಗೆಯಲ್ಲಿ ಕಟ್ಟುಬಿದ್ದಿದ್ದ ಸ್ಥಾವರಕನು ಕೆಳಗೆ ಧುಮುಕಿ, ಕೊಂದವನು ಶಕಾರನೆಂದು ನೆರೆದ ಜನರೆದುರು ಕೂಗುತ್ತಾನೆ. ಶಕಾರನು ಗುಟ್ಟಾಗಿ ಒಂದು ಕಡಗವನ್ನು ಅವನ ಕೈಗೆ ತುರುಕಲು ನೋಡಿ, ಬಳಿಕ ಅದನ್ನೇ ತೋರಿಸಿ, ಇವನು ಕದ್ದು ಶಿಕ್ಷೆ ತಿಂದ ಹಗೆಯಿಂದ ಹೇಳುತ್ತಿದ್ದಾನೆನ್ನುತ್ತಾನೆ. ಜನರು ಒಡೆಯನ ಮಾತನ್ನು ನಂಬುತ್ತಾರೆ. ದಾಸನಾದವನು ಸತ್ಯವನ್ನಾಡಿದರೂ ಯಾರೂ ನಂಬರೆಂದು ಸ್ಥಾವರಕನು ಹಲುಬುತ್ತಾನೆ. ನಾಟಕದಲ್ಲಿ ಅವನಿಗೆ ಮಾತುಂಟು, ಸತ್ಯವುಂಟು, ಧೈರ್ಯವುಂಟು, ಕೇಳುವವರಿಲ್ಲ. ಇದನ್ನು ನಗೆಯಾಗಿ ಆಡಿಬಿಡುವ ಆಸೆ ಶಕಾರನ ಪಾತ್ರಧಾರಿಗೆ ಸಹಜ. ಆದರೆ ಆ ಹೊತ್ತಿನ ಭಾರವೆಲ್ಲ ಸ್ಥಾವರಕನ ಮೇಲಿದೆ.

ಕೊನೆಗೆ ವಸಂತಸೇನೆಯು ಬದುಕಿ ಬರುತ್ತಾಳೆ, ರಾಜ್ಯ ಮಗುಚುತ್ತದೆ, ಬಹುಮಾನಗಳ ಹಂಚಿಕೆ ನಡೆಯುತ್ತದೆ. ವಸಂತಸೇನೆಗೆ ವಧೂಶಬ್ದ; ಭಿಕ್ಷುವಾಗಿದ್ದ ಸಂವಾಹಕನಿಗೆ ವಿಹಾರಗಳ ಕುಲಪತಿತ್ವ; ಸ್ಥಾವರಕನಿಗೆ ದಾಸ್ಯದಿಂದ ಬಿಡುಗಡೆ; ಇಬ್ಬರು ಚಂಡಾಲರಿಗೆ ಎಲ್ಲ ಚಂಡಾಲರ ಮೇಲಣ ಒಡೆತನ, ಎಂದರೆ ಅದೇ ಬೀದಿಯಲ್ಲಿ ಎತ್ತರದ ಮನೆ; ಚಂದನಕನಿಗೆ ರಾಜ್ಯದ ದಂಡಪಾಲಕ ಪದವಿ. ಶಕಾರನಿಗೂ ಕ್ಷಮೆ ದೊರೆಯುತ್ತದೆ. ಜುಟ್ಟು ಹಿಡಿಸಿಕೊಂಡು ಬಿದ್ದ ಕ್ಷೌರಿಕ ವೀರಕನು ನ್ಯಾಯಸ್ಥಾನದಲ್ಲಿ ಕೊಟ್ಟ ದೂರಿನ ವಿಚಾರಣೆಯನ್ನು ಯಾರೂ ಎತ್ತುವುದಿಲ್ಲ.